ಕೇಳಿದ್ದಾಯಿತು, ಇನ್ನು ನೋಡಬೇಕು

ಟಿವಿಯ ಬಾಕ್ಸ್ ನೋಡಲಿಕ್ಕೆ ಬರುವವನು ಇವತ್ತೇ ಬರಬೇಕಾಗಿತ್ತೇ ಎಂದುಕೊಂಡು ಹರಿಣಾಕ್ಷಿ ನೆನೆದ ಕುಚ್ಚಲಕ್ಕಿಯನ್ನು ತೊಳೆದಳು, ತೊಳೆದದ್ದನ್ನು ಮರೆತು ಇನ್ನೊಮ್ಮೆ ತೊಳೆದಳು. ಸಂಜೆ ಮಾಮಿಗೆ ಬಡಿಸಲಿಕ್ಕಿತ್ತು. ಅತ್ತೆ ದೇಯಿಯನ್ನು ಅವಳು ಮದುವೆಯಾಗಿ ಈ ದೇರೆಬೈಲಿನ ಮನೆಗೆ ಬಂದ ದಿನದಿಂದಲೂ ಮಾಮಿ ಎಂದೇ ಕರೆದದ್ದು. ತೀರಿಹೋದ ಮೇಲೆ ಬೇರೆ ಹೆಸರು ಎಲ್ಲಿಂದ ತರುವುದು. ಹೋದವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಅವರು ಆಸೆಪಡುತ್ತಿದ್ದದ್ದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ದೀಪವಾರಿಸಿ, ಬಾಗಿಲೆಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು, ಅವರು ಬಂದು ಉಂಡು ಹೋಗುವಷ್ಟು ಹೊತ್ತು. ಮಾಮಿ ಹೋದ ಮೇಲಿನ ಮೊದಲ ಆಟಿ. ಪುಂಡಿಗೆ ಅಕ್ಕಿ ಕಡೆಯಬೇಕು, ಕೋಳಿ ತುಂಡು ಮಾಡಿಸಿ ತಂದದ್ದು ಪಾತ್ರೆಯಲ್ಲಿ ಅರಸಿನ ಹಚ್ಚಿಸಿಕೊಂಡು ಕೂತಿದೆ, ಪತ್ರೊಡೆಯ ಎಲೆಯ ನಾರು ತೆಗೆಯಲಿಕ್ಕಿದೆ. ಇದರ ನಡುವೆ ಮಸ್ಕತ್ತಿನಿಂದ ಗಂಡ ಯೋಗೀಶ್ ಬೆಳಿಗ್ಗೆಯೇ ಫೋನು ಮಾಡಿ, ಬಾಕ್ಸ್ ಹಾಳಾಗಿ ಎಷ್ಟು ತಿಂಗಳಾಯಿತು, ಮಗಳು ಹೇಳಿ ಗೊತ್ತಾಯಿತು, ನೀನು ಹೇಳುವುದೂ ಇಲ್ಲ, ನಾನೇ ಮೊಬೈಲಿನಲ್ಲಿ ಕಂಪ್ಲೇಂಟ್ ಕೊಟ್ಟಿದ್ದೇನೆ, ಇವತ್ತು ಜನ ಬರುತ್ತಾರೆ ಎಂದಿದ್ದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಪ್ರೀತಿಯೇ ಇತ್ತು. ಅವಳು ಸರಿ ಎಂದಿದ್ದಳು. ಬೇರೇನು ಹೇಳುವುದು? ಬಾಕ್ಸಿಗೆ ಏನೂ ಆಗಿಲ್ಲ, ಅದು ಒಂದು ದಿನವೂ ಹಾಳಾಗಿರಲಿಲ್ಲ ಎಂದು ಈಗ ಹೇಳುವುದಕ್ಕೆ ಯಾವ ಬಾಯಿ?

ಅಕ್ಕಿ ಸೋಸಲು ಬಿಟ್ಟು ಅವಳು ಚಾವಡಿಗೆ ಬಂದಳು. ಟಿವಿಯ ಕೆಳಗಿನ ಹಲಗೆಯಲ್ಲಿ ಬಾಕ್ಸ್ ಇತ್ತು, ಅದರ ಮೇಲೆ ಮಾಮಿಯೇ ಕ್ರೋಷಾ ಹೆಣೆದ ಬಿಳಿ ಬಟ್ಟೆ, ಮುಂದಕ್ಕೆ ಇಳಿಬಿದ್ದು ಅದರ ಮುಖ ಮುಚ್ಚಿತ್ತು. ಮುಚ್ಚಿದ್ದು ಹರಿಣಾಕ್ಷಿಯೇ. ಒರೆಸುವ ನೆವದಲ್ಲಿ ಬಟ್ಟೆ ಎತ್ತಿದಳು, ಮತ್ತೆ ಇಳಿಸಿದಳು. ಸ್ವಿಚ್ಚನ್ನಾದರೂ ಆರಿಸಿಬಿಟ್ಟರೆ ಹೇಗೆ, ಬರುವವನಿಗೆ ಕರೆಂಟಿನ ದೋಷ ಅನ್ನಿಸಲಿ ಎಂದು ಕೈ ಹಾಕಿದರೆ, ಒಳಕೋಣೆಯಿಂದ ನಿರೀಕ್ಷಾ, ಅಮ್ಮಾ ವೈಫೈ ಎಂದು ಕೂಗಿದಳು. ಎರಡಕ್ಕೂ ಒಂದೇ ಸ್ವಿಚ್ಚು. ಮಾಮಿ ಮಲಗಿದ್ದಾಗಲೂ ಹೀಗೇ ಆಗಿತ್ತು. ಆಗ ಮಗಳಿಗೆ ಪರೀಕ್ಷೆ, ವೈಫೈ ಆರಿಸುವ ಹಾಗಿರಲಿಲ್ಲ, ಆದ್ದರಿಂದ ಟಿವಿಯನ್ನು ಮಾತ್ರ ಆರಿಸಿ ಬಾಕ್ಸನ್ನು ಹಾಗೇ ಬಿಟ್ಟಿದ್ದಳು. ಟಿವಿ ಇಲ್ಲದೆ ಬಾಕ್ಸ್ ಏನು ಮಾಡೀತು, ಮಲಗಿರುತ್ತದೆ ಎಂದುಕೊಂಡಿದ್ದಳು.

ಆ ಬಾಕ್ಸು ಬಂದದ್ದೇ ಮಾಮಿಗಾಗಿ. ಮಾಮಿ ಬೀಡಿ ಕಟ್ಟುತ್ತಿದ್ದರು, ಸೊಂಟ ಮುರಿಯುವವರೆಗೂ. ಮಗ ಮಸ್ಕತ್ತಿನಲ್ಲಿ ದುಡಿಯುತ್ತಿದ್ದರೂ ಬಿಟ್ಟವರಲ್ಲ, ಕೈ ಸುಮ್ಮನೆ ಇದ್ದರೆ ತಲೆ ಕೆಡುತ್ತದೆ ಎನ್ನುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಬೀಡಿ ಕಟ್ಟುವ ಮೊರ, ತಡ್ಪೆಯನ್ನು ತೊಡೆಯ ಮೇಲಿಟ್ಟು, ಕತ್ತರಿಸಿದ ಎಲೆಯಲ್ಲಿ ಹೊಗೆಸೊಪ್ಪು ಹರಡಿ ಸುತ್ತಿ, ತುದಿ ಮಡಚಿ ನೂಲು ಕಟ್ಟುವಾಗ ಕಣ್ಣು ಕೈಯ ಮೇಲೆಯೇ ಇರಬೇಕು. ಟಿವಿಯಲ್ಲಿ ಸೀರಿಯಲ್ ನಡೆಯುತ್ತಿದ್ದರೆ ಅವರಿಗೆ ಅದು ರೇಡಿಯೋ ಇದ್ದ ಹಾಗೆ. ಯಾರೋ ಅಳುವುದು ಕೇಳುತ್ತದೆ, ಯಾರೋ ಕೆನ್ನೆಗೆ ಹೊಡೆಯುವುದು ಕೇಳುತ್ತದೆ, ತಲೆ ಎತ್ತುವಷ್ಟರಲ್ಲಿ ಸೋಪಿನ ಜಾಹೀರಾತು. ಯಾರು ಹೊಡೆದದ್ದು ಹರಿಣಿ ಎಂದು ಅಡುಗೆಮನೆಗೆ ಕೇಳುತ್ತಿದ್ದರು. ಒಂದು ರಜೆಯಲ್ಲಿ ಬಂದ ಯೋಗೀಶ್ ಇದನ್ನು ನೋಡಿ ನಕ್ಕು, ಒಳಗೇ ಹಾರ್ಡ್ ಡಿಸ್ಕ್ ಇರುವ ಈ ಬಾಕ್ಸ್ ಹಾಕಿಸಿದ, ಸೀರಿಯಲ್ ದಿನಾ ತಾನಾಗಿ ರೆಕಾರ್ಡ್ ಆಗುವ ಹಾಗೆ ಮಾಡಿಟ್ಟ. ಅಂದಿನಿಂದ ಮಾಮಿಯ ಕ್ರಮವೇ ಬೇರೆಯಾಯಿತು. ಮೊದಲು ಕೇಳುವುದು, ಆಮೇಲೆ ನೋಡುವುದು. ಬೀಡಿಯ ಕಟ್ಟುಗಳನ್ನು ಕಟ್ಟಿಟ್ಟು, ಸೀರೆಯ ಮೇಲಿನ ಸೊಪ್ಪಿನ ಪುಡಿ ಕೊಡವಿ, ಕೈ ತೊಳೆದು, ಕಾಲು ಚಾಚಿ ಕೂತು, ಕೇಳಿದ್ದಾಯಿತು, ಇನ್ನು ನೋಡಬೇಕು ಎನ್ನುತ್ತಿದ್ದರು. ರಿಮೋಟಿನಲ್ಲಿದ್ದ ಇಂಗ್ಲಿಷು ಅವರಿಗೆ ಬಾರದು. ರಿಮೋಟು ಹರಿಣಾಕ್ಷಿಯ ಕೈಯಲ್ಲಿ. ಹಿಂದೆ ಹಾಕು, ಅಲ್ಲಿ ನಿಲ್ಲಿಸು, ಅವಳ ಮುಖ ನೋಡಬೇಕು. ನಿಂತ ಮುಖವನ್ನು ಮಾಮಿ ಬಹಳ ಹೊತ್ತು ನೋಡುತ್ತಿದ್ದರು. ಈ ದನಿಯವಳು ಇಷ್ಟು ಸಪೂರ ಇರ್ತಾಳೆ ಅಂತ ನಾನು ಎಣಿಸಲೇ ಇಲ್ಲ ಎನ್ನುತ್ತಿದ್ದರು. ಎಸರಿಗೆ ಬೆಂಕಿ ಇಟ್ಟು ಬಂದ ಹರಿಣಾಕ್ಷಿ ಬಾಗಿಲಲ್ಲಿ ನಿಂತೇ ಒತ್ತುತ್ತಿದ್ದಳು, ಮನಸ್ಸು ಒಲೆಯ ಮೇಲೆ. ಎಷ್ಟೋ ಸಲ ಅನ್ನಿಸಿದ್ದುಂಟು, ಈ ಮನೆಯಲ್ಲಿ ತನ್ನ ಮುಖವನ್ನು ಯಾರೂ ಹೀಗೆ ನಿಲ್ಲಿಸಿ ನೋಡಿಲ್ಲ ಎಂದು. ಅನ್ನಿಸಿದ ಕೂಡಲೇ ನಾಚಿಕೆಯೂ ಆಗುತ್ತಿತ್ತು.

ಗೇಟಿನ ಶಬ್ದವಾದಾಗ ಬಾಕ್ಸಿನ ಬಟ್ಟೆಯನ್ನು ಇನ್ನಷ್ಟು ಕೆಳಗೆಳೆದಳು. ಬಂದದ್ದು ಬಾಕ್ಸಿನವನಲ್ಲ, ಅಪ್ಪಿಯಕ್ಕ, ಯೋಗೀಶನ ಅಕ್ಕ, ಕಾವೂರಿನಿಂದ ರಿಕ್ಷಾ ಮಾಡಿಕೊಂಡು, ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದರಲ್ಲಿ ಒಣ ನಂಗಿನ ಪೊಟ್ಟಣ. ಹಸಿ ಬಂಗುಡೆಗೆ ಈಗ ಚಿನ್ನದ ರೇಟು, ಮಳೆ ಮುಗಿದು ಬೋಟು ಕಡಲಿಗಿಳಿಯದೆ ಅಮ್ಮನಿಗೆ ಬಂಗುಡೆ ಇಲ್ಲ, ಒಣಮೀನಲ್ಲೇ ಸುಧಾರಿಸಿಕೊಳ್ಳಲಿ ಎನ್ನುತ್ತ ಅವಳು ಅಡುಗೆಮನೆಯ ನೆಲದಲ್ಲೇ ಕೂತು ಪತ್ರೊಡೆಯ ಎಲೆಗಳನ್ನು ಎಳೆದುಕೊಂಡಳು. ಅಪ್ಪಿಯಕ್ಕನ ಬಾಯಿ ಸುಮ್ಮನಿರುವುದಿಲ್ಲ. ತಮ್ಮನ ಹೆಂಡತಿಗೆ ಕೊಂಕು ಹೇಳಿ, ಹೇಳಿದ ಕೂಡಲೇ ಅವಳ ಕೈಯಿಂದ ಭಾರದ ಪಾತ್ರೆ ಕಸಿದುಕೊಳ್ಳುವ ಹೆಂಗಸು. ಇಷ್ಟು ದಪ್ಪ ಕಡೆದರೆ ಅಮ್ಮ ಎಲೆ ಬಿಟ್ಟು ಎದ್ದು ಹೋಗ್ತಾಳೆ ಎಂದಳು, ಮಸಾಲೆ ನುಣ್ಣಗಾಗಿದೆ ಎಂದೂ ಹೇಳಿದಳು. ಆಮೇಲೆ ಎಲೆಯ ನಾರು ಸುಲಿಯುತ್ತ, ಪಾಪ, ಕೊನೆಗೆ ಅವಳಿಗೆ ಯಾವ ಆಸೆಯೂ ಉಳಿದಿರಲಿಲ್ಲ ಎಂದಳು. "ಆ ಸೀರಿಯಲಿಗೆ ಪ್ರಾಣ ಬಿಡುತ್ತಿದ್ದವಳು, ಅದನ್ನೂ ಬಿಟ್ಟಳಲ್ಲ. ನಾನು ಕೇಳಿದೆ, ಎಂತ ಅಮ್ಮ ಟಿವಿ ಹಾಕುದಿಲ್ಲವಾ ಅಂತ. ಕಣ್ಣು ನೋಯ್ತದೆ, ನನಗೇ ಬೇಡ ಅಂದಳು."

ಹರಿಣಾಕ್ಷಿ ತೆಂಗಿನಕಾಯಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಕಣ್ಣು ನೋಯುತ್ತದೆ ಎಂದರೇ? ಬಾಕ್ಸ್ ಹಾಳಾಗಿದೆ ಎಂದಲ್ಲವೇ ಅವರು ಹೇಳಬೇಕಾದದ್ದು? ತಾನು ಅವರಿಗೆ ಹೇಳಿದ್ದು ಅದನ್ನೇ ಅಲ್ಲವೇ? ಮಗಳ ಹತ್ತಿರ ಅವರು ಬೇರೆ ಮಾತು ಯಾಕೆ ಕಟ್ಟಿದರು? ಮುದುಕಿಗೆ ಮರೆವು ಎಂದು ಒಂದು ಮನಸ್ಸು ಹೇಳಿತು. ಮಾಮಿಗೆ ಮರೆವು ಎಂಬುದು ಇರಲೇ ಇಲ್ಲ ಎಂದು ಇನ್ನೊಂದು. ತುರಿಯುವ ಮಣೆಯ ಹಲ್ಲು ಬೆರಳಿಗೆ ತಾಗಿ ರಕ್ತ ಜಿನುಗಿತು. ಕಾಯಿಯ ಬಿಳುಪಿಗೆ ತಾಗದ ಹಾಗೆ ಬೆರಳನ್ನು ಬಾಯಲ್ಲಿಟ್ಟುಕೊಂಡಳು.

ಆ ಸುಳ್ಳು ಹೇಳಿದ ದಿನವೂ ಅಪ್ಪಿಯಕ್ಕ ಬಂದಿದ್ದಳು. ಮಾಮಿ ಹಿತ್ತಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಚಾವಡಿಯ ಮಂಚ ಹಿಡಿದ ಮೇಲೆ, ಟಿವಿಗೆ ಎದುರಾಗಿ ಮಂಚ ಹಾಕಿಸಿದ್ದು ಹರಿಣಾಕ್ಷಿಯೇ. ಬೀಡಿ ಇಲ್ಲದ ಕೈಗಳು ಹೊದಿಕೆಯ ಅಂಚನ್ನು ಸುರುಳಿ ಸುತ್ತುತ್ತಿದ್ದವು, ಕಣ್ಣಿಗೆ ಮಾತ್ರ ಬಿಡುವೋ ಬಿಡುವು. ಈಗ ಕೇಳುವುದೂ ನೋಡುವುದೂ ಒಟ್ಟಿಗೇ ಎಂದು ಮಾಮಿ ನಗುತ್ತಿದ್ದರು. ಆ ಮಧ್ಯಾಹ್ನ ಅವಳು ಅವರ ಒದ್ದೆಯಾದ ಹಾಸಿಗೆಬಟ್ಟೆಯನ್ನು ಹಿತ್ತಿಲ ಕಲ್ಲಿನಲ್ಲಿ ಒಗೆದು, ಹಿಂಡಿ, ಬೆನ್ನು ನೆಟ್ಟಗೆ ಮಾಡುತ್ತ ಒಳಗೆ ಬರುವಾಗ ತಾಯಿ ಮಗಳು ಸೀರಿಯಲಿನ ಸೊಸೆಯ ಬಗ್ಗೆ ಮಾತಾಡುತ್ತಿದ್ದರು, ಅತ್ತೆಯ ಹಾಲಿಗೆ ವಿಷ ಬೆರೆಸುವವಳ ಬಗ್ಗೆ. "ನಮ್ಮ ಮನೆಯ ಸೊಸೆಗಿಂತ ಅವಳು ಆಗಬಹುದು ಮಗಾ," ಎಂದರು ಮಾಮಿ. "ವಿಷ ಕೊಡುವಾಗಲಾದರೂ ನಗಾಡಿಕೊಂಡು ಕೊಡ್ತಾಳೆ." ಇಬ್ಬರೂ ನಕ್ಕರು. ಅಪ್ಪಿಯಕ್ಕ ನಕ್ಕು ನಕ್ಕು ಕೆಮ್ಮಿದಳು. ಅದೊಂದು ತಮಾಷೆ. ಬೇರೆ ದಿನವಾಗಿದ್ದರೆ ಹರಿಣಾಕ್ಷಿಯೂ ನಗುತ್ತಿದ್ದಳೇನೋ, ಒಂದು ಉತ್ತರ ಕೊಡುತ್ತಿದ್ದಳೇನೋ. ಬಾಲ್ದಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತವಳಿಗೆ ತನ್ನ ಮುಖ ಹೇಗಿದೆ ಎಂದು ಮುಟ್ಟಿ ನೋಡಿಕೊಳ್ಳಬೇಕೆನಿಸಿತು. ಗಂಜಿ ಕುಡಿಸುವಾಗ, ಮೈ ಒರೆಸುವಾಗ, ತಿರುಗಿಸಿ ಮಲಗಿಸುವಾಗ ತನ್ನ ಮುಖದಲ್ಲಿ ನಗು ಇರಲಿಲ್ಲ ಎಂಬುದು ಸುಳ್ಳಲ್ಲವಲ್ಲ. ಮುಖಗಳನ್ನು ನಿಲ್ಲಿಸಿ ನೋಡುವ ಮಾಮಿ ತನ್ನ ಮುಖವನ್ನೂ ನೋಡಿದ್ದರು ಹಾಗಾದರೆ.

ಆ ಸಂಜೆ ಸೀರಿಯಲಿನ ಹೊತ್ತಿಗೆ ಮಾಮಿ, ಹಾಕು ಮಗಾ ಎಂದರು. ಹರಿಣಾಕ್ಷಿ ರಿಮೋಟು ಕೈಯಲ್ಲಿ ಹಿಡಿದು, ಒತ್ತಿದ ಹಾಗೆ ಮಾಡಿ, "ಬಾಕ್ಸ್ ಹಾಳಾಗಿದೆ ಮಾಮಿ," ಎಂದಳು. ಮಾತು ತಾನೇ ಬಂದ ಹಾಗೆ ಬಂತು, ಮುಂಚೆಯೇ ಒಳಗೆಲ್ಲೋ ಸಿದ್ಧವಾಗಿದ್ದ ಹಾಗೆ. ಮಾಮಿ ಸ್ವಲ್ಪ ಹೊತ್ತು ಅವಳನ್ನು ನೋಡಿ, ಹೌದಾ, ಅದಕ್ಕೂ ವಯಸ್ಸಾಯ್ತು ಎಂದರು. ಒಂದೇ ದಿನ ಎಂದುಕೊಂಡಿದ್ದಳು. ನಾಳೆ ಸರಿಯಾಯಿತು ಎನ್ನುವುದು. ಮರುದಿನ ಕೈ ರಿಮೋಟಿನವರೆಗೆ ಹೋಯಿತು, ಆದರೆ ಒಂದೇ ರಾತ್ರಿಯಲ್ಲಿ ಬಾಕ್ಸು ತಾನಾಗಿ ಹೇಗೆ ಸರಿಯಾದೀತು, ಯಾರೂ ಬಂದು ನೋಡಿಲ್ಲವಲ್ಲ ಎಂದು ಹೆದರಿ ಬಿಟ್ಟಳು. ಅದರ ಮರುದಿನ ಇನ್ನೂ ಕಷ್ಟವಾಯಿತು. ಆಮೇಲೆ ಕಷ್ಟವಾಗುವುದೂ ನಿಂತಿತು. ಬಾಕ್ಸ್ ಕಣ್ಣಿಗೆ ಬೀಳದಿರಲಿ ಎಂದು ಕ್ರೋಷಾದ ಬಟ್ಟೆ ಇಳಿಬಿಟ್ಟಳು. ಯೋಗೀಶ್ ವಿಡಿಯೋದಲ್ಲಿ ಅಮ್ಮನ ಜೊತೆ ಮಾತಾಡುವಾಗೆಲ್ಲ ಕಿವಿ ನಿಮಿರಿಸಿ ಕಾಯುತ್ತಿದ್ದಳು, ಈಗ ಹೇಳಿದರು, ಈಗ ಹೇಳಿದರು ಎಂದು. ಮಾಮಿ ಹೇಳಲಿಲ್ಲ. ಎಲ್ಲ ಉಂಟು ಮಗಾ, ಎಂತ ಕಡಿಮೆ ಇಲ್ಲ ಎಂದರು. ಫೋನು ಹಿಡಿದು ನಿಂತ ಹರಿಣಾಕ್ಷಿ ಅದನ್ನು ಆಚೆ ತಿರುಗಿಸಿಬಿಟ್ಟಳು, ಮಸ್ಕತ್ತಿನ ಗಂಡನಿಗೆ ಚಾವಡಿಯ ಗೋಡೆ ಕಂಡಿತ್ತು.

ಬಾಕ್ಸಿನವನು ಮಧ್ಯಾಹ್ನ ಬಂದ. ಹೆಸರು ಪ್ರೇಮ್ ಎಂದ, ಪಂಪ್‌ವೆಲ್ಲಿನಲ್ಲಿ ಬ್ಲಾಕ್, ಇಲ್ಲದಿದ್ದರೆ ಆಗಲೇ ಬರುತ್ತಿದ್ದೆ ಎಂದ. ರೈನ್‌ಕೋಟನ್ನು ಸಿಟೌಟಿನಲ್ಲಿ ಕೊಡವಿ ಒಳಗೆ ಬಂದು, ಏನೂ ಕೇಳದೆ ಬಿಳಿ ಬಟ್ಟೆಯನ್ನು ಎತ್ತಿ ಟಿವಿಯ ಹಿಂದೆ ಸರಿಸಿದ. ಅಡುಗೆಮನೆಯಲ್ಲಿ ಅಪ್ಪಿಯಕ್ಕ ಕೋಳಿಯ ಮಸಾಲೆ ಹುರಿಯುತ್ತಿದ್ದಳು, ಒಲೆಯ ಶಬ್ದಕ್ಕೆ ಅವಳಿಗೆ ಕೇಳಿಸದಿರಲಿ ಎಂದು ಹರಿಣಾಕ್ಷಿ ದೇವರಲ್ಲಿ ಬೇಡಿಕೊಂಡಳು. ನಿರೀಕ್ಷಾ ಫೋನು ಹಿಡಿದುಕೊಂಡೇ ಬಂದು ಗೋಡೆಗೊರಗಿ ನಿಂತಳು.

"ಎಂತ ಕಂಪ್ಲೇಂಟ್ ಅಕ್ಕ?"

"ಆನ್ ಆಗುದಿಲ್ಲ."

ಅವನು ಒಂದು ರಿಮೋಟು ಒತ್ತಿದ, ಇನ್ನೊಂದು ಒತ್ತಿದ. ಟಿವಿ ಬೆಳಗಿತು. ಯಾರೋ ಅಡುಗೆಯವರು ಬದನೆ ಹೆಚ್ಚುತ್ತಿದ್ದರು. "ಆಗ್ತಾ ಉಂಟಲ್ಲ," ಎಂದ ಅವನು, ಮತ್ತೆ ದನಿಯನ್ನು ಸ್ವಲ್ಪ ಮೃದು ಮಾಡಿಕೊಂಡು, ಟಿವಿಗೆ ಬೇರೆ ರಿಮೋಟು, ಬಾಕ್ಸಿಗೆ ಬೇರೆ ರಿಮೋಟು, ಎರಡನ್ನೂ ಆನ್ ಮಾಡಬೇಕು, ನೀವು ಒಂದೇ ಒತ್ತಿದ್ದಿರಬೇಕು, ತುಂಬ ಮನೆಗಳಲ್ಲಿ ಹೀಗಾಗುತ್ತದೆ ಎಂದು ವಿವರಿಸಿದ. ಕೆಂಪು ಬಟನ್ ತೋರಿಸಿದ. ವರ್ಷಗಟ್ಟಲೆ ಕತ್ತಲಲ್ಲೂ ಬೆರಳ ತುದಿಯಿಂದ ಹಿಂದೆ ಮುಂದೆ ಓಡಿಸಿ, ಬೇಕಾದ ಮುಖವನ್ನು ಬೇಕಾದಲ್ಲಿ ನಿಲ್ಲಿಸಿದ್ದವಳು ಅವನು ತೋರಿಸಿದ ಬಟನ್ನನ್ನು ಹೊಸದಾಗಿ ನೋಡುವಂತೆ ನೋಡಿ, "ಹೌದು, ನನಗೆ ಇದೆಲ್ಲ ಗೊತ್ತಾಗುದಿಲ್ಲ," ಎಂದಳು. ನಿರೀಕ್ಷಾ ಫೋನಿನಿಂದ ಕಣ್ಣೆತ್ತಿದಳು.

ಪ್ರೇಮ್ ಏನೇನೋ ಒತ್ತುತ್ತಿದ್ದ. ಪರದೆಯ ತುಂಬ ಒಂದೇ ಸೀರಿಯಲಿನ ಹೆಸರು ಒಂದರ ಕೆಳಗೊಂದು ಇಳಿಯುತ್ತ ಹೋಯಿತು. ಡಿಸ್ಕ್ ತುಂಬಲಿಕ್ಕೆ ಬಂದಿದೆ ಎಂದ. "ದಿನಾ ರೆಕಾರ್ಡ್ ಆಗ್ತಾ ಉಂಟು, ನೀವು ಒಂದನ್ನೂ ನೋಡ್ಲಿಲ್ಲವಾ? ನೋಡದ್ದಕ್ಕೆಲ್ಲ ಗುರುತು ಉಂಟು ನೋಡಿ."

"ಟಿವಿ ಆಫ್ ಇದ್ದರೂ ಆಗ್ತದಾ?"

"ಬಾಕ್ಸಿಗೆ ಕರೆಂಟು ಇದ್ದರೆ ಸಾಕು. ಅದಕ್ಕೆ ಟಿವಿ ಬೇಡ."

ಅಜ್ಜಿಯ ಸೀರಿಯಲ್ ಎಂದಳು ನಿರೀಕ್ಷಾ, ಯಾರಿಗೂ ಅಲ್ಲದ ಹಾಗೆ. ಪ್ರೇಮ್ ಹೊರಡುತ್ತ, ಇದು ಸರಿ ಇದ್ದರೂ ಹೊಸದಕ್ಕೆ ಆರ್ಡರ್ ಆಗಿಬಿಟ್ಟಿದೆ, ನಾಳೆ ಬೆಳಿಗ್ಗೆ ಅದನ್ನು ಹಾಕಿ ಇದನ್ನು ತೆಗೆದುಕೊಂಡು ಹೋಗುತ್ತೇನೆ ಎಂದ. ಹೊಸದರಲ್ಲಿ ಡಿಸ್ಕ್ ಇಲ್ಲ, ಈಗ ಎಲ್ಲ ಫೋನಿನಲ್ಲೇ ಸಿಗುತ್ತದೆ, ರೆಕಾರ್ಡ್ ಯಾರಿಗೆ ಬೇಕು. ಇದರ ಒಳಗಿದ್ದದ್ದು ಎಂದು ಹರಿಣಾಕ್ಷಿ ಕೇಳಿದಳು. ಹೋಗ್ತದೆ, ಎಂದ ಅವನು ರೈನ್‌ಕೋಟಿಗೆ ಕೈ ತೂರಿಸುತ್ತ.

ಅವನು ಹೋದ ಮೇಲೆ ಹರಿಣಾಕ್ಷಿ ಗೇಟು ಹಾಕಿ ಬಂದಳು. "ಅಮ್ಮ, ಅಜ್ಜಿ ಇರುವಾಗ ಇದು..." ಎಂದು ನಿರೀಕ್ಷಾ ಶುರು ಮಾಡಿದವಳು ತಾಯಿಯ ಮುಖ ನೋಡಿ ನಿಲ್ಲಿಸಿದಳು. ಮತ್ತೆ, "ಕಾಯಿ ತುರಿದು ಕೊಡ್ಲಾ? ನಿನ್ನ ಬೆರಳಿಗೆ ಗಾಯ ಆಗಿದೆಯಲ್ಲ," ಎಂದಳು. ಕೇಳಿಬಿಡಬಾರದಿತ್ತೇ ಇವಳು, ಗಲಾಟೆಯಾದರೂ ಮಾಡಬಾರದಿತ್ತೇ. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ಹೀಗೆ ತಿಳಿದೂ ತಿಳಿಯದ ಹಾಗೆ ಮಾತು ತಿರುಗಿಸುವುದನ್ನು ಯಾರಿಂದ ಕಲಿಯಿತು? ಮಗಳು ಮಣೆಯ ಮುಂದೆ ಕೂತು ಒಂದೇ ಸಮನೆ ತುರಿಯುವುದನ್ನು ನೋಡುತ್ತ ಹರಿಣಾಕ್ಷಿಗೆ ಅವಳ ಜಡೆಯನ್ನು ಸವರಬೇಕೆನಿಸಿತು. ಕೈ ಮಸಾಲೆಯಾಗಿತ್ತು.

ಪುಂಡಿಯ ಉಂಡೆ ಕಟ್ಟಿ ಬೇಯಿಸುವ ಪಾತ್ರೆಯಲ್ಲಿಟ್ಟಳು, ಹಬೆ ಕಟ್ಟಿತು. ಕೋಳಿ ಕುದಿಯಿತು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಬಾಕ್ಸಿನ ಒಳಗೆ ಒಂದರ ಮೇಲೊಂದು ತುಂಬಿಕೊಂಡ ದಿನಗಳು. ಮಾಮಿ ಮಲಗಿದ್ದ ಆ ಎಲ್ಲ ಸಂಜೆಗಳಲ್ಲಿ, ಮಂಚದಿಂದ ಕೈಯಳತೆಯಲ್ಲಿ, ಅವರು ಕಾಯುತ್ತಿದ್ದದ್ದು ಒಳಗೆ ಇಳಿಯುತ್ತಲೇ ಇತ್ತು. ಒಂದು ಬಟನ್ ಒತ್ತಿದ್ದರೆ ಸಾಕಿತ್ತು. ಅವರು ಹೋಗುವ ಹಿಂದಿನ ಸಂಜೆ ಮೆಲ್ಲಗೆ, ಅದು ಸರಿಯಾಗಲಿಲ್ಲ ಅಲ್ಲವಾ ಹರಿಣಿ ಎಂದು ಕೇಳಿದ್ದರು. ನಾಳೆ ಜನ ಬರುತ್ತಾರೆ ಮಾಮಿ ಎಂದಿದ್ದಳು. ಅವಸರ ಎಂತ ಇಲ್ಲ ಎಂದಿದ್ದರು. ಮರುದಿನ ಗಂಜಿಯ ಮೂರನೆಯ ಚಮಚ ಬಾಯಿಯ ಕೊನೆಯಿಂದ ಹೊರಗೆ ಇಳಿದು ಬಂತು. ಬಡಿಸುವುದೆಂದರೆ ಉಳಿದ ಆಸೆಗೆ ಬಡಿಸುವುದು ಎನ್ನುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ ಇಡುತ್ತಾರೆ, ಕುಡಿಯುತ್ತಿದ್ದವರಿಗೆ ಕಳ್ಳು. ಬಾಗಿಲು ಹಾಕುವಾಗ ಟಿವಿಯನ್ನೂ ಹಾಕಿ ಬಂದರೆ? ಮುಚ್ಚಿದ ಚಾವಡಿಯೊಳಗೆ ಸೀರಿಯಲಿನ ಸೊಸೆ ಅಳುವುದೂ, ಹೊರಗೆ ಸಿಟೌಟಿನಲ್ಲಿ ಅಪ್ಪಿಯಕ್ಕ, ಇದೆಂತದು ಮಾರಾಯ್ತಿ, ಹಾಳಾದದ್ದು ಹೇಗೆ ಮಾತಾಡ್ತದೆ ಎಂದು ಕಣ್ಣರಳಿಸುವುದೂ ಕಣ್ಣ ಮುಂದೆ ಬಂತು. ಹುಚ್ಚು ಎಂದುಕೊಂಡಳು. ಒಲೆಯ ಉರಿ ತಗ್ಗಿಸಿದಳು, ಹೆಚ್ಚಿಸಿದಳು.

ದೀಪ ಹಚ್ಚುವ ಹೊತ್ತಿಗೆ ಮಾಮಿಯ ತಮ್ಮ ಚೆನ್ನಪ್ಪ ಮಾವ ಬಂದರು. ಬಡಿಸುವ ಕೈ ಅವರದೇ. ಕಾಲು ತೊಳೆದು, ಬೈರಾಸು ಹೆಗಲಿಗೆ ಹಾಕಿಕೊಂಡು, ಮಂಚ ಇದ್ದ ಜಾಗದಲ್ಲಿಯೇ ಕೊಡಿ ಬಾಳೆಲೆ ಹಾಸಿದರು. ಪುಂಡಿ, ಕೋಳಿ, ಪತ್ರೊಡೆ, ಒಣ ನಂಗಿನ ಚಟ್ನಿ, ಬೆಲ್ಲದ ಕಾಫಿಯ ಲೋಟ, ಎಲೆಯಡಿಕೆ. ಏನಾದರೂ ಬಿಟ್ಟುಹೋಯಿತಾ, ಅಕ್ಕನಿಗೆ ಇನ್ನೆಂತ ಬೇಕಿತ್ತು ಎಂದು ಮಾವ ಕೇಳಿದರು. ಹರಿಣಾಕ್ಷಿ ಟಿವಿಯ ಹಲಗೆಯಿಂದ ರಿಮೋಟನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಎಲೆಯ ಎಡಕ್ಕೆ ನೀರಿನ ಚೊಂಬಿನ ಹತ್ತಿರ ಇಟ್ಟಳು. ಅಪ್ಪಿಯಕ್ಕನ ಹುಬ್ಬು ಮೇಲೇರಿತು. "ಬ್ಯಾಟರಿ ಉಂಟಾ ನೋಡು, ಇಲ್ಲದಿದ್ದರೆ ಅದಕ್ಕೊಂದು ಬಂದು ನನ್ನನ್ನು ಎಬ್ಬಿಸ್ತಾಳೆ," ಎಂದಳು, ಆದರೆ ಹೇಳುವಾಗಲೇ ಅವಳ ಕಣ್ಣು ತುಂಬಿತು. ಮಾವ, ಇರಲಿ, ಮುಟ್ಟುತ್ತಿದ್ದ ವಸ್ತುವಲ್ಲವಾ ಎಂದರು. ಮುಟ್ಟುತ್ತಿದ್ದದ್ದು ತಾನು, ಮಾಮಿಯಲ್ಲ ಎಂದು ಹರಿಣಾಕ್ಷಿ ಹೇಳಲಿಲ್ಲ. ಎಲ್ಲ ಲೈಟು ಆರಿಸಿ, ಬಾಗಿಲೆಳೆದುಕೊಂಡು ಹೊರಗೆ ಬಂದರು.

ಸಿಟೌಟಿನಲ್ಲಿ ಮಳೆಹನಿ ಒಳಗೆ ಎರಚುತ್ತಿತ್ತು. ಏರ್‌ಪೋರ್ಟ್ ಕಡೆ ಇಳಿಯುವ ವಿಮಾನವೊಂದು ಮೋಡದ ಹಿಂದೆ ಗುಡುಗಿ ಹೋಯಿತು. ಮಾವ ಕಣ್ಣು ಮುಚ್ಚಿ ನಿಂತಿದ್ದರು. ಅಪ್ಪಿಯಕ್ಕ ಪಿಸುದನಿಯಲ್ಲಿ, ಅಮ್ಮ ಊಟಕ್ಕೆ ಯಾವತ್ತೂ ಅವಸರ ಮಾಡಿದವಳಲ್ಲ, ಇನ್ನೂ ಸ್ವಲ್ಪ ಇರುವ ಎಂದಳು. ನಿರೀಕ್ಷಾ ತಾಯಿಯ ಪಕ್ಕದಲ್ಲಿ ತೋಳಿಗೆ ತೋಳು ತಾಗಿಸಿ ನಿಂತಿದ್ದಳು. ತಾಗಿಸಿದ್ದೋ ತಾಗಿದ್ದೋ ತಿಳಿಯಲಿಲ್ಲ. ಕಣ್ಣು ನೋಯುತ್ತದೆ ಎಂಬ ಮಾತು ಮತ್ತೆ ಬಂತು. ಮಾಮಿ ಅದನ್ನು ತನ್ನ ಹತ್ತಿರವೂ ಹೇಳಿದ್ದುಂಟು, ಬೇರೆ ರೀತಿಯಲ್ಲಿ. ಆ ಕೊನೆಯ ವಾರಗಳಲ್ಲಿ ಸಂಜೆ ಈ ಹೊತ್ತಿಗೆ ಸರಿಯಾಗಿ, ನನ್ನನ್ನು ಆಚೆ ತಿರುಗಿಸು ಎನ್ನುತ್ತಿದ್ದರು, ಟಿವಿಯ ಕಡೆಗೆ. ಲೈಟು ಆರಿಸು, ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಿದ್ದರು. ಬೆನ್ನು ನೋವಿರಬೇಕೆಂದು ಅವಳು ತಿರುಗಿಸಿ, ಲೈಟಾರಿಸಿ, ಗಂಜಿ ಬೇಯಿಸಲು ಒಳಗೆ ಹೋಗುತ್ತಿದ್ದಳು. ಕತ್ತಲಲ್ಲಿ ಆರಿದ ಟಿವಿಯ ಎದುರು ಒಬ್ಬರೇ ಮಲಗಿರುತ್ತಿದ್ದರು. ಒಂದು ದಿನ ಆ ಕ್ರೋಷಾದ ಬಟ್ಟೆ ಕೊಳೆಯಾಗಿದೆ, ತೆಗೆದು ಒಗೆ, ಮತ್ತೆ ಹಾಕುವುದು ಬೇಡ ಎಂದಿದ್ದರು. ಬಟ್ಟೆ ಕೊಳೆಯಾಗಿರಲಿಲ್ಲ. ಆದರೂ ತೆಗೆದಿದ್ದಳು, ಮತ್ತೆ ಹಾಕಿದ್ದು ಮಾಮಿ ಹೋದ ಮೇಲೆಯೇ.

ಮಾವ ಬಾಗಿಲು ತಟ್ಟಿದರು. "ಕೊನೆಗೆ ಉಣ್ಣಿಸಿದವಳು ನೀನು. ನೀನೇ ಮೊದಲು ಹೋಗು," ಎಂದರು.

ಒಳಗೆ ಕೋಳಿಯ, ಕಾಯಿಯ, ನಂದಿದ ದೀಪದ ವಾಸನೆ. ಕತ್ತಲೆಗೆ ಕಣ್ಣು ಹೊಂದುವವರೆಗೆ ಕೂರೋಣವೆಂದು ಅವಳು ಗೋಡೆ ಹಿಡಿದು, ಮಾಮಿಯ ತಲೆದಿಂಬು ಇರುತ್ತಿದ್ದ ಕಡೆ ನೆಲಕ್ಕೆ ಕುಸಿದು, ಮುಖ ಎತ್ತಿದಳು. ಎದುರಿಗೆ ಒಂದು ಕೆಂಪು ಚುಕ್ಕೆ ಉರಿಯುತ್ತಿತ್ತು. ಬಾಗಿಲೆಳೆದುಕೊಳ್ಳುವಾಗ ಅದು ಕಂಡಿರಲಿಲ್ಲ. ಸೀರಿಯಲಿನ ಹೊತ್ತಾಗಿತ್ತು, ಬಾಕ್ಸ್ ರೆಕಾರ್ಡ್ ಮಾಡಿಕೊಳ್ಳಲು ಶುರುಮಾಡಿತ್ತು. ಅಡುಗೆಮನೆಯಿಂದ ಅದು ಕಾಣುವುದಿಲ್ಲ, ನಿಂತವರಿಗೂ ಕಾಣುವುದಿಲ್ಲ, ಮೇಲಿನ ಹಲಗೆ ಅಡ್ಡ ಬರುತ್ತದೆ. ಮಂಚದ ಮಟ್ಟಕ್ಕೆ ತಗ್ಗಿದವರಿಗೆ ಮಾತ್ರ ಕಾಣುತ್ತದೆ, ಮಲಗಿ ಈ ಮಗ್ಗುಲಿಗೆ ತಿರುಗಿದರೆ, ಲೈಟು ಆರಿಸಿದರೆ, ಬಟ್ಟೆ ತೆಗೆದರೆ.

ದಿನಾ ನೋಡಿದ್ದರು. ಹಾಳಾದ ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಕಣ್ಣು ಬಿಡುವುದನ್ನು, ಹೊತ್ತು ಮುಗಿದಾಗ ಮುಚ್ಚುವುದನ್ನು. ಒಳಗೆ ತುಂಬುತ್ತಿದೆ ಎಂದು ಅವರಿಗೆ ಗೊತ್ತಿತ್ತು, ಆ ಚುಕ್ಕೆಯ ಅರ್ಥವನ್ನು ಅವರಿಗೆ ಹೇಳಿಕೊಟ್ಟದ್ದೇ ಅವಳು. ಗೊತ್ತಿದ್ದೂ ಅಪ್ಪಿಯಕ್ಕನಿಗೆ ಕಣ್ಣು ನೋಯುತ್ತದೆ ಎಂದರು, ಮಗನಿಗೆ ಎಂತ ಕಡಿಮೆ ಇಲ್ಲ ಎಂದರು. ತನಗೆ ಅವಸರ ಇಲ್ಲ ಎಂದರು. ಅದು ಕ್ಷಮೆಯೋ, ಇವಳ ಬಾಯಿಂದ ಯಾವಾಗ ಬರುತ್ತದೆ ನೋಡೋಣ ಎಂಬ ಹಟವೋ, ಬರೀ ಕಾಯುವುದೋ, ಯಾವುದೆಂದು ಈಗ ಯಾರನ್ನು ಕೇಳುವುದು. ಹರಿಣಾಕ್ಷಿ ಎಲೆಗೆ ತಾಗದ ಹಾಗೆ ನೆಲದ ಮೇಲೆ ಮಗ್ಗುಲಾಗಿ ಮಲಗಿದಳು. ಸಿಮೆಂಟಿನ ತಂಪು ಕೆನ್ನೆಗೆ ಹತ್ತಿತು. ಚುಕ್ಕೆ ಕಾಫಿಯ ಲೋಟದಲ್ಲೂ ಒಂದು, ಕೋಳಿಯ ಎಣ್ಣೆಯಲ್ಲೂ ಒಂದು. ರಿಮೋಟು ಕೈಗೆ ಸಿಗುವಷ್ಟು ಹತ್ತಿರವಿತ್ತು. ಅದನ್ನು ಮುಟ್ಟಲಿಲ್ಲ.

ಬಾಗಿಲಲ್ಲಿ ಯಾರೋ ನುಸುಳಿದರು. ನಿರೀಕ್ಷಾ ಬಗ್ಗಿ, ತಡಕಾಡಿ, ತಾಯಿಯ ತಲೆಯ ಹತ್ತಿರ ಕೂತಳು. ಎಂತ ಅಮ್ಮ ಎಂದಳು, ಮೆಲ್ಲಗೆ.

"ಹಾಳಾಗಿರಲಿಲ್ಲ," ಎಂದಳು ಹರಿಣಾಕ್ಷಿ. "ನಾನು ಸುಳ್ಳು ಹೇಳಿದ್ದು. ಅಜ್ಜಿಗೆ ಗೊತ್ತಿತ್ತು."

ಮಗಳು ಅವಳು ನೋಡುತ್ತಿದ್ದ ಕಡೆಗೆ ತಿರುಗಿ, ತಗ್ಗಿ, ಕೊನೆಗೆ ತಾನೂ ಕೆನ್ನೆಯನ್ನು ನೆಲಕ್ಕೆ ತಂದಳು. ಅವಳ ಉಸಿರು ಒಮ್ಮೆ ನಿಂತು ಮತ್ತೆ ಬಂದದ್ದು ಹರಿಣಾಕ್ಷಿಗೆ ಕೇಳಿಸಿತು.

ಹೊರಗಿನಿಂದ ಅಪ್ಪಿಯಕ್ಕ, ಎಂತ ಮಾಡ್ತೀರಿ ತಾಯಿ ಮಗಳು ಕತ್ತಲೆಯಲ್ಲಿ, ಅಮ್ಮ ಉಂಡಳಾ ಇಲ್ಲವಾ, ಮಾವನಿಗೆ ಹಸಿವಾಗ್ತದೆ ಎನ್ನುತ್ತ ಒಳಗೆ ಬಂದು, ಗೋಡೆ ಸವರಿ ಸ್ವಿಚ್ಚು ಹುಡುಕತೊಡಗಿದಳು. ಬಳೆಯ ಸದ್ದು ಸ್ವಿಚ್ಚಿನ ಹತ್ತಿರ ಬಂತು.

"ಲೈಟು ಬೇಡ ಅಕ್ಕ," ಎಂದಳು ಹರಿಣಾಕ್ಷಿ ಮಲಗಿದಲ್ಲಿಂದಲೇ. "ಕಣ್ಣಿಗೆ ಚುಚ್ಚುತ್ತದೆ."